ಪಾರ್ಕಿಂಗ್ ಮೂಲೆಯ ಹಳೇ ಸೈಕಲ್: ಮನೆಯಲ್ಲೇ ಬಿಚ್ಚಿ, ಜೋಡಿಸಿ, ಭದ್ರವಾಗಿ ಇಡುವ ಬಗೆ

ಬೆಂಗಳೂರಿನ ಯಾವುದೇ ಹಳೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ನೋಡಿ. ಕಂಬದ ಹಿಂದೆ, ಜನರೇಟರ್ ಪಕ್ಕ ನಾಲ್ಕಾರು ಸೈಕಲ್‌ಗಳು ನಿಂತಿರುತ್ತವೆ. ಟೈರು ಚಪ್ಪಟೆ, ಚೈನು ಕೆಂಪು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅವುಗಳ ನಡುವೆ ಒಂದಾದರೂ ಕಪ್ಪು ದೊಡ್ಡ ಸೈಕಲ್ ಇರುತ್ತದೆ. 28 ಇಂಚಿನ ಚಕ್ರ, ಸಲಾಕೆ ಬ್ರೇಕು, ಹಿಂದೆ ಅಗಲದ ಕ್ಯಾರಿಯರ್. ಅಪ್ಪನದ್ದೋ ಮಾವನದ್ದೋ, ಊರಿಂದ ಸಾಮಾನಿನ ಲಾರಿಯಲ್ಲಿ ಬಂದದ್ದು. ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸುವ ಸ್ಥಿತಿಯಲ್ಲೂ ಇಲ್ಲ. ಅಂಥ ಸೈಕಲ್ಲನ್ನು ನಿಮ್ಮ ಕೈಯಾರೆ ಮತ್ತೆ ರಸ್ತೆಗಿಳಿಸುವುದು ಹೇಗೆ, ಇಳಿಸಿದ ಮೇಲೆ ಕಳೆದುಕೊಳ್ಳದೆ ಇಟ್ಟುಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ರಿಪೇರಿ ಬೇರೆ, ಬೀಗ ಬೇರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಎರಡೂ ಒಂದೇ ಕೆಲಸ. ಓಡದೆ ನಿಂತ ಸೈಕಲ್ ಕಳವಾದರೆ, ಕಳವಾಗಿದೆ ಅಂತಲೇ ವಾರಗಟ್ಟಲೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸಿಸಿಟಿವಿಯ ಹಳೇ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗಿ ಹೋಗಿರುತ್ತದೆ. ದಿನಾ ಹೊರಗೆ ಹೋಗಿ ಬರುವ ಸೈಕಲ್ಲಾದರೆ ಮನೆಯವರ ಕಣ್ಣೂ ಅದರ ಮೇಲಿರುತ್ತದೆ, ವಾಚ್‌ಮನ್ ಕಣ್ಣೂ ಇರುತ್ತದೆ. ಹಾಗಾಗಿ ಮೊದಲು ಅದನ್ನು ಓಡುವಂತೆ ಮಾಡೋಣ.

ಕಪ್ಪು ಸೈಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣ ಇದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಗೇರಿಲ್ಲ, ಕೇಬಲ್ಲಿಲ್ಲ, ಎಲ್ಲ ಕಣ್ಣೆದುರಿಗೇ ಇದೆ. ಹರ್ಕ್ಯುಲಿಸ್ ಮಾಡುವ ಟಿಐ ಸೈಕಲ್ಸ್ ಮದ್ರಾಸಿನಲ್ಲಿ ಶುರುವಾದದ್ದು 1949ರಲ್ಲಿ, ಅಟ್ಲಾಸ್ ಸೋನಿಪತ್‌ನಲ್ಲಿ 1951ರಲ್ಲಿ, ಹೀರೋ ಲುಧಿಯಾನದಲ್ಲಿ 1956ರಲ್ಲಿ. ಹೆಸರು ಬೇರೆಯಾದರೂ ಈ ದೊಡ್ಡ ಸೈಕಲ್‌ಗಳ ಭಾಗಗಳು ಬಹುತೇಕ ಒಂದಕ್ಕೊಂದು ಹೊಂದುತ್ತವೆ. 2020ರ ಜೂನ್‌ನಲ್ಲಿ ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ನಿಂತಾಗ ಬೇಜಾರಾದವರು ಎಷ್ಟೋ ಜನ. ಆದರೆ ಅಟ್ಲಾಸ್ ಇಟ್ಟುಕೊಂಡವರು ಬಿಡಿಭಾಗಕ್ಕೆ ಹೆದರಬೇಕಿಲ್ಲ. ಲುಧಿಯಾನದಿಂದ ಬರುವ ಬಾಲ್ಸ್ (ಬೇರಿಂಗಿನ ಉಕ್ಕಿನ ಗುಂಡುಗಳು), ಕೋನು (ಆ ಗುಂಡುಗಳನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್ಟು), ಕಾಟರ್ ಪಿನ್ನು ತಾಲೂಕು ಮಟ್ಟದ ಸೈಕಲ್ ಅಂಗಡಿಗಳಲ್ಲೂ ಸಿಗುತ್ತವೆ.

ಮೊದಲು ಫ್ರೇಮ್ ನೋಡಿ

ಹಣ ಖರ್ಚು ಮಾಡುವ ಮೊದಲು ಫ್ರೇಮ್ ಗಟ್ಟಿ ಇದೆಯಾ ಅಂತ ತಿಳಿಯಬೇಕು. ಮೇಲಿನ ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಉಜ್ಜಿದರೆ ಹೋಗುತ್ತದೆ. ನೋಡಬೇಕಾದ್ದು ಒಳಗಿನ ತುಕ್ಕು. ಸೈಕಲ್ಲನ್ನು ಮಗುಚಿ, ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಕೂರುವ ದಪ್ಪ ಕೊಳವೆಯ ಸುತ್ತ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಮಳೆ ನೀರು ಇಳಿದು ನಿಲ್ಲುವುದು ಅಲ್ಲೇ. ಟಣ್ ಅಂದರೆ ಸರಿ. ಸದ್ದು ಮಂಕಾಗಿದ್ದರೆ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಒಳಗೆ ಹೋದರೆ ಆ ಫ್ರೇಮಿನ ಆಸೆ ಬಿಡಿ.

ಹ್ಯಾಂಡಲ್ ಕೆಳಗೆ ಎರಡು ಕೊಳವೆಗಳು ಬಂದು ಸೇರುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಪೇಂಟ್ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯಂಥ ಗೆರೆ ಇದ್ದರೆ ಸೈಕಲ್ ಎಲ್ಲೋ ಜೋರಾಗಿ ಗುದ್ದಿದೆ ಅಂತ ಅರ್ಥ. ಬಿರುಕು ಬಿಟ್ಟ ಫ್ರೇಮನ್ನು ವೆಲ್ಡಿಂಗ್ ಮಾಡಿಸಿ ಓಡಿಸುವವರು ಇದ್ದಾರೆ. ನಾನು ಯಾರಿಗೂ ಹಾಗೆ ಮಾಡಿ ಅಂತ ಹೇಳುವುದಿಲ್ಲ.

ಫ್ರೇಮ್ ಸೊಟ್ಟಗಿದೆಯಾ ಅಂತ ನೋಡಲು ಒಂದು ದಾರ ಸಾಕು. ಹಿಂದಿನ ಚಕ್ರ ತೆಗೆದು, ಆಕ್ಸಲ್ ಕೂರುವ ಒಂದು ಬದಿಯ ಸೀಳಿಗೆ ದಾರ ಕಟ್ಟಿ. ಅದನ್ನು ಮುಂದೆ ಒಯ್ದು ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎಡದ ದಾರಕ್ಕೆ ಎಷ್ಟು ದೂರ, ಬಲದ ದಾರಕ್ಕೆ ಎಷ್ಟು ದೂರ ಅಂತ ಸ್ಕೇಲಿನಲ್ಲಿ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಚಿಂತೆ ಇಲ್ಲ. ನಾಲ್ಕೈದು ಆದರೆ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ.

ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುತ್ತಿದ್ದರೆ ಇನ್ನೊಂದು ಪರೀಕ್ಷೆ ಇದೆ. ಸೀಟಿನ ಕೊಳವೆಯ ಮೇಲೋ ಕ್ರ್ಯಾಂಕಿನ ಅಡಿಯಲ್ಲೋ ಫ್ರೇಮ್ ನಂಬರ್ ಕೊರೆದಿರುತ್ತದೆ. ಆ ಜಾಗವನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಬಿಚ್ಚಲು ಬೇಕಾದ್ದು

ಜಾಸ್ತಿ ಏನೂ ಬೇಡ. ಒಂದು ಸೆಟ್ ಸ್ಪ್ಯಾನರ್, ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಸುತ್ತಿಗೆ, ಸಪಾಟಾದ ಅರ, ಕಡ್ಡಿ ಬಿಗಿಸುವ ಕೀ, ಟೈರ್ ಲಿವರ್, ಪಂಪ್, ಗ್ರೀಸ್ ಡಬ್ಬಿ. ಕೋನ್ ಹಿಡಿಯಲು ತೆಳ್ಳಗಿನ ಸ್ಪ್ಯಾನರ್ ಪ್ರತ್ಯೇಕವಾಗಿ ಬೇಕು. ಸಾಮಾನ್ಯ ಸ್ಪ್ಯಾನರ್ ದಪ್ಪ ಇರುವುದರಿಂದ ಅದರ ಮೇಲೆ ಕೂರುವುದಿಲ್ಲ. ಗ್ರೀಸ್ ಅಂದರೆ ಹಾರ್ಡ್‌ವೇರ್ ಅಂಗಡಿಯ ಎಪಿ-3 ಸಾಕು, ಅರ್ಧ ಕೆಜಿ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಬೆಂಗಳೂರಿನವರಾದರೆ ಎಸ್‌ಜೆಪಿ ರಸ್ತೆಗೆ ಒಮ್ಮೆ ಹೋಗಿ ಬನ್ನಿ. ಸ್ಪ್ಯಾನರ್‌ನಿಂದ ಹಿಡಿದು ಆಮೇಲೆ ಬೇಕಾಗುವ ಸರಪಳಿ, ಆಂಕರ್ ಬೋಲ್ಟುಗಳವರೆಗೆ ಎಲ್ಲ ಒಂದೇ ಕಡೆ ಸಿಗುತ್ತವೆ.

ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ, ಬೇಸ್‌ಮೆಂಟಿನಲ್ಲಿ ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಯಾರೋ ಪಂಪಿನ ಸ್ವಿಚ್ ಹಾಕಿದರೆ ಸಾಕು, ದೊಡ್ಡ ಅನಾಹುತ.

ಬಿಚ್ಚುವ ಮೊದಲು ಫೋನಿನಲ್ಲಿ ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಅದರಲ್ಲೂ ಬ್ರೇಕಿನ ಸಲಾಕೆಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಅನ್ನುವುದನ್ನು ಹತ್ತಿರದಿಂದ ತೆಗೆಯಿರಿ. ನಟ್ಟು, ವಾಷರ್‌ಗಳನ್ನು ತೆಗೆದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ ಇಡಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ.

ಎರಡು ಕಡೆ ಥ್ರೆಡ್ ಉಲ್ಟಾ ಇರುತ್ತದೆ. ಇದು ತಿಳಿಯದೆ ಬಲ ಹಾಕಿ ಭಾಗ ಹಾಳುಮಾಡುವವರೇ ಜಾಸ್ತಿ. ಎಡಗಾಲಿನ ಪೆಡಲ್ ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಹಾಗೆಯೇ ಕ್ರ್ಯಾಂಕ್ ಆಕ್ಸಲ್ಲಿನ ಬಲಬದಿಯ, ಅಂದರೆ ಚೈನ್ ಬದಿಯ ಕಪ್ (ಬಾಲ್ಸ್ ಕೂರುವ ಬಟ್ಟಲು) ಕೂಡ ಗಡಿಯಾರದ ದಿಕ್ಕಿಗೇ ಬಿಚ್ಚುತ್ತದೆ. ಒಳಗೆ ಗುಳಿ ಬಿದ್ದಿಲ್ಲದಿದ್ದರೆ ಆ ಕಪ್ಪನ್ನು ತೆಗೆಯಲೇ ಹೋಗಬೇಡಿ. ಇದ್ದಲ್ಲೇ ಬಟ್ಟೆ ತೂರಿಸಿ ಒರೆಸಿದರೆ ಸಾಕು. ಎಡಗಡೆಯಿಂದಲೇ ಎಲ್ಲ ಕೆಲಸ ಆಗುತ್ತದೆ.

ಕಾಟರ್ ಪಿನ್

ಈ ಸೈಕಲ್ಲಿನಲ್ಲಿ ಜನರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ ಚಿಕ್ಕ ಭಾಗ. ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವುದು ಒಂದು ಬದಿ ಇಳಿಜಾರಾಗಿ ಅರೆದ ಈ ಪಿನ್ನು.

ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚಬೇಡಿ. ಪಿನ್ನಿನ ತುದಿಗೆ ಸಮನಾಗುವಷ್ಟು ಮಾತ್ರ ಸಡಿಲಿಸಿ. ನಟ್ಟು ಇದ್ದರೆ ಥ್ರೆಡ್ ಚಪ್ಪಟೆಯಾಗುವುದಿಲ್ಲ. ಆಮೇಲೆ ಕ್ರ್ಯಾಂಕಿನ ಅಡಿಗೆ, ಪಿನ್ ಹೊರಬರಲು ಜಾಗ ಬಿಟ್ಟು, ನೆಲಕ್ಕೆ ಮುಟ್ಟುವಂತೆ ಒಂದು ಕಬ್ಬಿಣದ ಪೈಪಿನ ತುಂಡು ನಿಲ್ಲಿಸಿ. ಇದನ್ನು ಬಿಡಲೇಬೇಡಿ. ಆಧಾರ ಇಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸ್ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಆಧಾರ ಕೊಟ್ಟು, ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು ಹಾಕಿ. ಮೆಲ್ಲಗೆ ಹತ್ತು ಸಲ ಬಡಿದರೆ ಪಿನ್ ಬಗ್ಗುತ್ತದೆಯೇ ಹೊರತು ಬರುವುದಿಲ್ಲ. ಬಗ್ಗಿದರೆ ಡ್ರಿಲ್ಲಿಂಗ್ ಒಂದೇ ದಾರಿ.

ಹಳೇ ಪಿನ್ ಮತ್ತೆ ಹಾಕಬೇಡಿ. ಹೊಸದಕ್ಕೆ ಖರ್ಚು ತೀರಾ ಕಡಿಮೆ. ಆದರೆ ಹೊಸ ಪಿನ್ ನೇರವಾಗಿ ಕೂರುವುದು ಅಪರೂಪ. ಇಳಿಜಾರು ಮುಖವನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ಹಾಕಿ ನೋಡಿ. ಬಡಿದು ಕೂರಿಸಿದ ಮೇಲೆ ನಟ್ಟು ಹಾಕುವಷ್ಟು ಥ್ರೆಡ್ ಹೊರಗೆ ಬರಬೇಕು, ಅಷ್ಟೇ. ಎರಡೂ ಪಿನ್ನಿಗೆ ಒಂದೇ ಅಳತೆಯಲ್ಲಿ ಅರ ಹಾಕಬೇಕು. ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಕಾಲಿಗೆ ಗೊತ್ತಾಗುತ್ತದೆ. ದಿಕ್ಕು ಸರಿ ಇದೆಯಾ ಅಂತ ನೋಡಲು ಬಲ ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿ ಅದರ ನಟ್ಟು ಮೇಲಿದೆಯೋ ಕೆಳಗಿದೆಯೋ ನೋಡಿಕೊಳ್ಳಿ. ಎಡ ಕ್ರ್ಯಾಂಕನ್ನು ಮುಂದಕ್ಕೆ ತಂದಾಗ ಅದರ ನಟ್ಟೂ ಅದೇ ಕಡೆ ಇರಬೇಕು.

ಐದಾರು ಕಿಲೋಮೀಟರ್ ಓಡಿಸಿದ ಮೇಲೆ ಪಿನ್ ಇನ್ನಷ್ಟು ಒಳಗೆ ಕೂರುತ್ತದೆ. ಆಗ ನಟ್ಟನ್ನು ಮತ್ತೊಮ್ಮೆ ಬಿಗಿಸಬೇಕು. ಈ ಎರಡನೇ ಬಿಗಿತ ಮರೆತರೆ ಕ್ರ್ಯಾಂಕ್ ಕಟಕಟ ಅನ್ನಲು ಶುರುವಾಗಿ, ಕೊನೆಗೆ ಅದರ ತೂತೇ ಸವೆದು ಹೋಗುತ್ತದೆ.

ಬಾಲ್ಸ್, ಕೋನು, ಗ್ರೀಸು

ಸೈಕಲ್ ಭಾರ ಅನ್ನಿಸುವುದು ಬಹಳ ಸಲ ತೂಕದಿಂದಲ್ಲ, ಒಣಗಿದ ಗ್ರೀಸಿನಿಂದ. ಹಬ್ (ಚಕ್ರದ ನಡುವಿನ, ಆಕ್ಸಲ್ ಹಾದುಹೋಗುವ ಭಾಗ) ಬಿಚ್ಚಿದಾಗ ಕಪ್ಪು ಬಣ್ಣದ ಅಂಟಿನ ನಡುವೆ ಬಾಲ್ಸ್ ಕಾಣಿಸುತ್ತವೆ. ಎಲ್ಲವನ್ನೂ ಹೊರಗೆ ತೆಗೆದು, ಕಪ್ ಮತ್ತು ಕೋನನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ. ಬಾಲ್ ಪೆನ್ನಿನ ಮೊನೆಯನ್ನು ಕೋನಿನ ಮೇಲೆ, ಬಾಲ್ಸ್ ಓಡಾಡಿದ ಹೊಳೆಯುವ ಗೆರೆಯುದ್ದಕ್ಕೂ ಎಳೆಯಿರಿ. ಮೊನೆ ಎಲ್ಲಾದರೂ ತಡೆದರೆ ಅಲ್ಲಿ ಗುಳಿ ಇದೆ, ಕೋನ್ ಬದಲಿಸಿ.

ಬಾಲ್ಸ್ ಮಾತ್ರ ಯಾವಾಗಲೂ ಹೊಸದು ಹಾಕಿ. ನಾಲ್ಕು ಹಳೆಯದು, ಐದು ಹೊಸದು ಬೆರೆಸಬೇಡಿ. ಹೊಸದು ಕೂದಲಷ್ಟು ದೊಡ್ಡದಿರುವುದರಿಂದ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಈ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚಿನವು ಬದಿಗೆ 10, ಹಿಂದಿನ ಹಬ್ಬಿಗೆ 1/4 ಇಂಚಿನವು ಬದಿಗೆ 9, ಕ್ರ್ಯಾಂಕ್ ಆಕ್ಸಲ್ಲಿಗೆ 1/4 ಇಂಚಿನವು ಬದಿಗೆ 11. ಆದರೂ ನಿಮ್ಮ ಸೈಕಲ್ಲಿನಿಂದ ಬಂದದ್ದನ್ನು ಎಣಿಸಿ, ಒಂದನ್ನು ಅಂಗಡಿಗೆ ಒಯ್ದು ಹೋಲಿಸಿ ತನ್ನಿ. ಕಪ್ ಪೂರ್ತಿ ಬಾಲ್ಸ್ ತುಂಬಿಸಬಾರದು. ಬಾಲ್ಸ್ ಹೊರಳಾಡಲು ಸ್ವಲ್ಪ ಜಾಗ ಉಳಿಯಬೇಕು.

ಗ್ರೀಸನ್ನು ಧಾರಾಳವಾಗಿ ಹಚ್ಚಿ, ಬಾಲ್ಸ್ ಒಂದೊಂದಾಗಿ ಅದರಲ್ಲಿ ಅಂಟಿಸಿ, ಆಕ್ಸಲ್ ತೂರಿಸಿ. ಈಗ ಬರುವುದು ಕೈಗುಣದ ಕೆಲಸ. ಕೋನನ್ನು ಬೆರಳಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಡಿ, ಅದು ಅಲುಗದಂತೆ ತೆಳ್ಳಗಿನ ಸ್ಪ್ಯಾನರ್‌ನಲ್ಲಿ ಹಿಡಿದು ಲಾಕ್ ನಟ್ಟು ಬಿಗಿಸಿ. ಚಕ್ರವನ್ನು ಫ್ರೇಮಿಗೆ ಕೂರಿಸಿ ರಿಮ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲಟಲಟ ಅಂದರೆ ಸಡಿಲ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಟ್ಟಾಗ ವಾಲ್ವಿನ ಭಾರಕ್ಕೇ ತಾನಾಗಿ ಹಿಂದೆ ಮುಂದೆ ತೂಗಿ ನಿಂತರೆ ಸರಿಯಾಗಿದೆ. ತೂಗದೆ ಗಕ್ಕನೆ ನಿಂತರೆ ಬಿಗಿ ಜಾಸ್ತಿ. ಮೊದಲ ಸಲಕ್ಕೇ ಸರಿಹೋಗುವುದು ಕಡಿಮೆ. ತಾಳ್ಮೆಯಿಂದ ಮತ್ತೆ ಮಾಡಿ. ಕೈಗೆ ಒಮ್ಮೆ ಹತ್ತಿದರೆ ಜೀವನಪೂರ್ತಿ ಮರೆಯುವುದಿಲ್ಲ.

ಹ್ಯಾಂಡಲ್ ಕೆಳಗಿನ ಬೇರಿಂಗಿಗೂ ಇದೇ ಕ್ರಮ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದಾಗ ಅಲ್ಲಿ ಟಕಟಕ ಅನ್ನಬಾರದು.

ಚಕ್ರದ ಬೆಂಡ್

ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಹೊರುವುದು ಹಿಂದಿನದಾದ್ದರಿಂದ ಈ ಲೆಕ್ಕ. ಹೊಸ ರಿಮ್ಮಿಗೆ ಎಲ್ಲ ಕಡ್ಡಿ ಕಟ್ಟುವುದನ್ನು ಮೊದಲ ಸೈಕಲ್ಲಿನಲ್ಲೇ ಪ್ರಯತ್ನಿಸಬೇಡಿ. ಇದ್ದ ಚಕ್ರದ ಬೆಂಡ್ ತೆಗೆಯುವುದನ್ನು ಮಾತ್ರ ಕಲಿಯಿರಿ.

ಸೈಕಲ್ಲನ್ನು ಮಗುಚಿ ನಿಲ್ಲಿಸಿ. ಫೋರ್ಕಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗಿಯೂ ತಾಗದಂತೆ ಕತ್ತರಿಸಿ. ಚಕ್ರ ತಿರುಗಿಸಿದಾಗ ರಿಮ್ ಎಲ್ಲಿ ಉಜ್ಜುತ್ತದೋ ಅಲ್ಲಿ ಬೆಂಡ್ ಇದೆ. ರಿಮ್ ಬಲಕ್ಕೆ ಬಂದಿದ್ದರೆ, ಆ ಜಾಗದಲ್ಲಿ ಹಬ್ಬಿನ ಎಡಬದಿಗೆ ಹೋಗುವ ಕಡ್ಡಿ ಬಿಗಿಸಿ, ಬಲಬದಿಯದ್ದನ್ನು ಅಷ್ಟೇ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ದಿಕ್ಕು ಗೊಂದಲ ಮಾಡುತ್ತದೆ, ಆದ್ದರಿಂದ ಇದನ್ನು ನೆನಪಿಡಿ: ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನಿಪ್ಪಲ್ (ರಿಮ್ಮಿನಲ್ಲಿ ಕಡ್ಡಿಯನ್ನು ಹಿಡಿಯುವ ಚಿಕ್ಕ ನಟ್ಟು) ಬಿಗಿಯುತ್ತದೆ. ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡಿ. ಒಂದೇ ಬದಿಯವು ಹೆಚ್ಚು ಕಡಿಮೆ ಒಂದೇ ಸ್ವರದಲ್ಲಿ ನುಡಿಯಬೇಕು. ತಂಬೂರಿ ಶ್ರುತಿ ಮಾಡುವವರ ಕಿವಿ ಇದ್ದರೆ ಈ ಕೆಲಸ ಬೇಗ ಬರುತ್ತದೆ.

ಸಲಾಕೆ ಬ್ರೇಕಿನಲ್ಲಿ ರಬ್ಬರ್ ಕಟ್ಟೆಗಳು ರಿಮ್ಮಿನ ಒಳಮೈಗೆ, ಹಬ್ಬಿನ ಕಡೆಯಿಂದ ಒತ್ತುತ್ತವೆ. ಹಾಗಾಗಿ ರಿಮ್ ಎಡ ಬಲಕ್ಕೆ ನೇರ ಇದ್ದರಷ್ಟೇ ಸಾಲದು, ದುಂಡಗೂ ಇರಬೇಕು. ಒಂದು ಕಡೆ ಉಬ್ಬಿದ್ದರೆ ಬ್ರೇಕ್ ಹಿಡಿದಾಗ ಸೈಕಲ್ ಜಗ್ಗಿ ಜಗ್ಗಿ ನಿಲ್ಲುತ್ತದೆ.

ಟೈರು, ಚೈನು, ಬ್ರೇಕು

ಟೈರ್ ಕೊಳ್ಳುವಾಗ 28 x 1½ ಅಂತ ಕೇಳಿ, ಪಕ್ಕದಲ್ಲಿ 635 ಅನ್ನುವ ಅಂಕಿ ಇದೆಯಾ ನೋಡಿ. ಹೊಸ ಕಾಲದ ಸೈಕಲ್ಲಿನ 622 ಟೈರನ್ನೂ ಕೆಲವರು 28 ಅಂತಲೇ ಮಾರುತ್ತಾರೆ. ಅದು ಈ ರಿಮ್ಮಿಗೆ ಕೂರುವುದಿಲ್ಲ. ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆಯನ್ನೂ ಬದಲಿಸಿ. ಪಂಕ್ಚರ್ ಇಲ್ಲದೆ ಗಾಳಿ ಇಳಿಯುತ್ತಿದ್ದರೆ ಬಹುಪಾಲು ಕಾರಣ ಅದೇ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಹಿಡಿದು ಒಂದು ಸುತ್ತು ಒರೆಸಿ. ಜಾಲಿ ಮುಳ್ಳಿನ ತುದಿ ಒಳಗೇ ಮುರಿದು ಕೂತಿದ್ದರೆ ಬಟ್ಟೆ ಹಿಡಿದುಕೊಳ್ಳುತ್ತದೆ. ಬೆರಳು ಹಾಕಬೇಡಿ. ಪಂಕ್ಚರ್ ಹಾಕುವಾಗ ಸಲ್ಯೂಷನ್ ಹಚ್ಚಿ ನಾಲ್ಕೈದು ನಿಮಿಷ ಸುಮ್ನೆ ಬಿಡಿ. ಮುಟ್ಟಿದರೆ ಒಣಗಿದಂತಿರಬೇಕು, ಆಮೇಲೆ ಪ್ಯಾಚ್ ಒತ್ತಿ.

ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಅಂದರೆ 24 ಕೊಂಡಿಗೆ 12 ಇಂಚು. ಉಕ್ಕಿನ ಸ್ಕೇಲಿಟ್ಟು ಅಳೆದಾಗ 12 ಇಂಚಿಗಿಂತ 1/16 ಇಂಚು ಜಾಸ್ತಿ ಇದ್ದರೆ ಚೈನ್ ಬದಲಿಸಿ. 1/8 ಇಂಚು ಜಾಸ್ತಿಯಾಗಿದ್ದರೆ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ) ಹಲ್ಲುಗಳೂ ಸವೆದಿರುತ್ತವೆ. ಕೂರಿಸಿದ ಮೇಲೆ ನಡುವೆ ಬೆರಳಿಟ್ಟು ಒತ್ತಿದರೆ ಒಂದು, ಒಂದೂವರೆ ಸೆಂಟಿಮೀಟರ್ ಆಡಬೇಕು. ಜೋಡಣೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗಿರಲಿ. ಎಣ್ಣೆ ಅಂದರೆ ತೆಳ್ಳಗಿನ ಯಂತ್ರದ ಎಣ್ಣೆ, ಕೊಂಡಿಗೊಂದು ಹನಿ, ಆಮೇಲೆ ಹೊರಗೆ ಪೂರ್ತಿ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಬೈಕಿನಿಂದ ತೆಗೆದ ಹಳೇ ಎಂಜಿನ್ ಆಯಿಲ್ಲೂ ಬೇಡ. ಅದರಲ್ಲಿ ಲೋಹದ ಪುಡಿ ತೇಲುತ್ತಿರುತ್ತದೆ.

ಬ್ರೇಕಿನ ಕಟ್ಟೆ ಮತ್ತು ರಿಮ್ ನಡುವೆ ಸುಮಾರು 3 ಮಿಲಿಮೀಟರ್ ಅಂತರ ಸಾಕು. ಸಲಾಕೆಯ ಪ್ರತಿ ಕೀಲಿಗೂ ಒಂದು ಹನಿ ಎಣ್ಣೆ ಬಿಡಿ, ರಿಮ್ಮಿಗೆ ಮಾತ್ರ ತಾಗಿಸಬೇಡಿ. ಒಂದು ವಿಷಯ ಒತ್ತಿ ಹೇಳುತ್ತೇನೆ. ನಿಕ್ಕಲ್ ಹೊಳಪಿನ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಬಹಳ ಕಡಿಮೆ ಹಿಡಿಯುತ್ತದೆ. ಮಡಿಕೇರಿ, ಆಗುಂಬೆ ಕಡೆಯ ಇಳಿಜಾರಿನಲ್ಲಿ ಮಳೆಗಾಲದಲ್ಲಿ ಈ ಸೈಕಲ್ ಬೇಡ. ಊರೊಳಗೆ ಸಮತಟ್ಟು ರಸ್ತೆಯಲ್ಲೂ ಮಳೆ ಬಂದಾಗ ದೂರದಿಂದಲೇ ಬ್ರೇಕ್ ಹಿಡಿಯಲು ಶುರುಮಾಡಿ.

ಎಲ್ಲ ಜೋಡಿಸಿದ ಮೇಲೆ ಸೈಕಲ್ಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ. ಎಲ್ಲಿ ಲೊಟಲೊಟ ಅನ್ನುತ್ತದೋ ಅಲ್ಲಿ ನಟ್ಟು ಸಡಿಲ. ಮೊದಲ ಸವಾರಿ ಕಾಂಪೌಂಡಿನ ಒಳಗೇ ಆಗಲಿ.

ಇಡುವ ಜಾಗ

ಈಗ ಸೈಕಲ್ ಓಡುತ್ತಿದೆ. ಹಾಗೆ ಓಡುವ ಸೈಕಲ್ ಕಳ್ಳನಿಗೂ ಬೇಕು. ಮೊದಲು ಮಾಡಬೇಕಾದ್ದು ಬೀಗ ಕೊಳ್ಳುವುದಲ್ಲ. ಫ್ರೇಮ್ ನಂಬರಿನ ಫೋಟೋ, ಪೂರ್ತಿ ಸೈಕಲ್ಲಿನ ಫೋಟೋ, ಬೇರೆ ಯಾವ ಸೈಕಲ್ಲಿಗೂ ಇಲ್ಲದ ಒಂದು ಗುರುತಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಬಿಲ್ ಇದ್ದರೆ ಅದನ್ನೂ ಸೇರಿಸಿ. ಹಳೇ ಸೈಕಲ್ಲಿಗೆ ಬಿಲ್ ಇರುವುದಿಲ್ಲ, ಅಲ್ವಾ? ಆಗ ಈ ಫೋಟೋಗಳೇ ಅದು ನಿಮ್ಮದು ಅನ್ನುವುದಕ್ಕೆ ಇರುವ ಆಧಾರ. ಹಳೆಯವರು ಹೆಸರು, ಊರು ಬರೆದ ಚೀಟಿಯನ್ನು ಸೀಟಿನ ಕೊಳವೆಯೊಳಗೆ ಹಾಕಿಡುತ್ತಿದ್ದರು. ಒಳ್ಳೇ ಉಪಾಯ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀವೂ ಹಾಕಿ.

ಜನರೇಟರ್ ಪಕ್ಕದ ಕತ್ತಲೆ ಮೂಲೆ ಬಿಡಿ. ಲಿಫ್ಟಿಗೆ ಹೋಗುವವರ ಕಣ್ಣಿಗೆ ಬೀಳುವ ಜಾಗ ಕೇಳಿ ಪಡೆಯಿರಿ. ಆದರೆ ಮೆಟ್ಟಿಲ ಕೆಳಗೆ, ಬೆಂಕಿ ಬಿದ್ದಾಗ ಜನ ಓಡುವ ದಾರಿಯಲ್ಲಿ ಬೇಡ. ಮಳೆಗಾಲದಲ್ಲಿ ನೀರು ನುಗ್ಗುವ ಬೇಸ್‌ಮೆಂಟಾದರೆ ಗೋಡೆಗೆ ಕೊಕ್ಕೆ ಹಾಕಿ ತೂಗುಹಾಕುವುದೇ ಲೇಸು. ಒಮ್ಮೆ ಹಬ್ಬಿಗೆ ಕೊಚ್ಚೆ ನೀರು ಹೋದರೆ ನೀವು ಮಾಡಿದ ಕೆಲಸವೆಲ್ಲ ಮೊದಲಿನಿಂದ ಮಾಡಬೇಕು. ಮಂಗಳೂರು, ಉಡುಪಿ ಕಡೆಯವರು ಉಪ್ಪು ಗಾಳಿಗೆ ರಿಮ್ ಬಿಟ್ಟು ಉಳಿದ ಹೊಳೆಯುವ ಭಾಗಗಳಿಗೆ ಆಗಾಗ ಎಣ್ಣೆ ಬಟ್ಟೆ ಸವರಬೇಕು.

ಹಿಂದಿನ ಚಕ್ರಕ್ಕೆ ಫ್ರೇಮಿನಲ್ಲೇ ಇರುವ ದುಂಡು ಬೀಗ ಚಕ್ರ ಉರುಳುವುದನ್ನಷ್ಟೇ ತಡೆಯುತ್ತದೆ. ಸೈಕಲ್ಲನ್ನು ಎತ್ತಿಕೊಂಡು ಹೋಗಬಹುದು. ನಂಬರ್ ತಿರುಗಿಸುವ ತೆಳ್ಳನೆ ಕೇಬಲ್ ಬೀಗಕ್ಕೆ ದುಡ್ಡು ಹಾಕಬೇಡಿ. ಕೈಕಟರ್ ಇದ್ದವರು ಕ್ಷಣದಲ್ಲಿ ಕತ್ತರಿಸುತ್ತಾರೆ. ಬೇಕಾದ್ದು ಗಟ್ಟಿ ಉಕ್ಕಿನ ಯು-ಲಾಕ್ ಅಥವಾ ಹದ ಮಾಡಿದ ಉಕ್ಕಿನ, ಕನಿಷ್ಠ 10 ಮಿಲಿಮೀಟರ್ ದಪ್ಪದ ಸರಪಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಸಾದಾ ಸರಪಳಿ ನೋಡಲು ದಪ್ಪ, ಕಟರಿಗೆ ಮೆತ್ತಗೆ. ಸರಪಳಿಯನ್ನು ನೆಲಕ್ಕೆ ತಾಗುವಂತೆ ಬಿಡಬೇಡಿ. ಕಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಹಾಕಿದರೆ ದಪ್ಪ ಕೊಂಡಿಯೂ ತುಂಡಾಗುತ್ತದೆ. ನೆಲದಿಂದ ಮೇಲೆ, ಸಡಿಲ ಇಲ್ಲದೆ ಸುತ್ತಿ.

ಬೀಗ ಯಾವಾಗಲೂ ಫ್ರೇಮನ್ನು ಹಿಡಿದಿರಬೇಕು, ಬರೀ ಚಕ್ರವನ್ನಲ್ಲ. ಹಿಂದಿನ ಚಕ್ರದ ರಿಮ್ಮನ್ನು ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಹಾದು ಬೀಗ ಹಾಕಿದರೆ ಚಕ್ರ ಮತ್ತು ಫ್ರೇಮ್ ಎರಡೂ ಒಟ್ಟಿಗೆ ಸಿಗುತ್ತವೆ. ಗೇರ್ ಸೈಕಲ್ಲಿನ ಮುಂದಿನ ಚಕ್ರ ಕೈಯಲ್ಲೇ ಬಿಚ್ಚುವಂಥದ್ದಾದರೆ ಅದಕ್ಕೂ ಒಂದು ಸುತ್ತು ಬೇಕು.

ಯಾವುದಕ್ಕೆ ಕಟ್ಟುವುದು?

ಎಷ್ಟು ಒಳ್ಳೇ ಬೀಗವಾದರೂ ಕಟ್ಟಲು ಗಟ್ಟಿ ವಸ್ತು ಬೇಕು. ನೀರಿನ ಪೈಪು, ಗ್ಯಾಸ್ ಪೈಪು, ಬೆಂಕಿ ಆರಿಸುವ ಕೆಂಪು ಪೈಪು ಇವಕ್ಕೆ ಕಟ್ಟಬೇಡಿ.

ಸ್ವಂತ ಮನೆಯಾದರೆ ಕಾಂಕ್ರೀಟ್ ನೆಲದಲ್ಲಿ 12 ಮಿಲಿಮೀಟರ್ ಆಂಕರ್ ಬೋಲ್ಟುಗಳಿಂದ ಒಂದು ಉಕ್ಕಿನ ಬಳೆ ಕೂರಿಸಿ. ಬಿಗಿಸಿದ ಮೇಲೆ ಬೋಲ್ಟಿನ ತಲೆಯ ಮೂಲೆಗಳನ್ನು ಅರ ಹಾಕಿ ದುಂಡಗೆ ಮಾಡಿದರೆ ಸ್ಪ್ಯಾನರ್ ಕೂರುವುದಿಲ್ಲ. ಟೊಳ್ಳು ಬ್ಲಾಕಿನ ಗೋಡೆಗೆ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ, ಕಿತ್ತು ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಂಘದ ಅನುಮತಿ ಇಲ್ಲದೆ ನೆಲಕ್ಕಾಗಲಿ ಕಂಬಕ್ಕಾಗಲಿ ಡ್ರಿಲ್ ಹಾಕಲೇಬೇಡಿ. ಕೆಲವು ಕಟ್ಟಡಗಳ ಸ್ಲ್ಯಾಬಿನೊಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್ ಇರುತ್ತದೆ. ಅದಕ್ಕೆ ಡ್ರಿಲ್ ತಾಗಿದರೆ ಅಪಾಯ. ಬೇಸ್‌ಮೆಂಟಿನ ನೆಲದ ಕೆಳಗೆ ನೀರು ತಡೆಯುವ ಪದರವೂ ಇರುತ್ತದೆ.

ಬಾಡಿಗೆ ಮನೆಯವರಿಗೆ ನಾನು ಹೇಳುವ ಉಪಾಯ ಪೇಂಟ್ ಬಕೆಟ್. ಖಾಲಿಯಾದ 20 ಲೀಟರ್ ಬಕೆಟ್ ತನ್ನಿ. ಹದ ಮಾಡಿದ ಸರಪಳಿಯ ಒಂದು ತುದಿಯ ಕೊಂಡಿಯಲ್ಲಿ ಒಂದಡಿ ಉದ್ದದ ಕಬ್ಬಿಣದ ಸರಳನ್ನು ಅಡ್ಡ ತೂರಿಸಿ ಬಕೆಟ್ ತಳದಲ್ಲಿ ಇಡಿ. ಸರಳು ಓರೆಯಾಗಿ ನಿಂತರೂ ಪರವಾಗಿಲ್ಲ, ಪೂರ್ತಿ ಕಾಂಕ್ರೀಟಿನೊಳಗೆ ಮುಳುಗಬೇಕು. ಸರಪಳಿಯ ಉಳಿದ ಉದ್ದವನ್ನು ಮೇಲಕ್ಕೆ ಎತ್ತಿ ಕಟ್ಟಿ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಎಂ-ಸ್ಯಾಂಡ್, ಮೂರು ಪಾಲು ಜಲ್ಲಿ ಕಲಸಿ ತುಂಬಿ, ಕೋಲಿನಿಂದ ಚುಚ್ಚಿ ಗಾಳಿ ತೆಗೆಯಿರಿ. ಒಂದು ವಾರ ನೀರು ಹಾಕಿ ಒದ್ದೆ ಇಡಿ. ಗಟ್ಟಿಯಾದ ಮೇಲೆ ಸುಮಾರು 48 ಕೆಜಿ ತೂಗುತ್ತದೆ. ಇಬ್ಬರು ಸೇರಿ ಜರುಗಿಸಬಹುದು, ಆದರೆ ಸೈಕಲ್ ಸಮೇತ ಎತ್ತಿ ಗೇಟ್ ದಾಟಿಸಲು ಯಾರಿಗೂ ಸುಲಭವಲ್ಲ. ಮನೆ ಬದಲಿಸುವಾಗ ನಿಮ್ಮ ಜೊತೆಗೇ ಬರುತ್ತದೆ. ಬಕೆಟ್ಟನ್ನು ನಿಮ್ಮ ಪಾರ್ಕಿಂಗ್ ಜಾಗದ ಒಳಗೇ ಇಟ್ಟುಕೊಂಡರೆ ಪಕ್ಕದವರ ಜೊತೆ ಜಗಳವೂ ಇಲ್ಲ.

ಇನ್ನೊಂದು ಮಾತು. ಹ್ಯಾಕ್ಸಾ, ಸ್ಪ್ಯಾನರ್, ಗ್ರೈಂಡರ್ ಇವನ್ನು ಗ್ಯಾರೇಜಿನಲ್ಲಿ ಸೈಕಲ್ ಪಕ್ಕ ಇಡಬೇಡಿ. ಬರಿಗೈಲಿ ಬಂದ ಕಳ್ಳನ ಕೈಗೆ ನಿಮ್ಮ ಆಯುಧವನ್ನೇ ಕೊಟ್ಟಂತಾಗುತ್ತದೆ. ಮನೆಯೊಳಗೆ ಅಥವಾ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ.

ಕಳವಾದರೆ

ಮೊದಲು ಸಿಸಿಟಿವಿ ದೃಶ್ಯವನ್ನು ಅಳಿಸಿಹೋಗುವ ಮುಂಚೆ ಪೆನ್‌ಡ್ರೈವಿಗೆ ತೆಗೆಸಿಕೊಳ್ಳಿ. ಅದನ್ನೂ ಫ್ರೇಮ್ ನಂಬರ್ ಫೋಟೋವನ್ನೂ ಹಿಡಿದು ಅದೇ ದಿನ ಠಾಣೆಗೆ ಹೋಗಿ. ಬರೀ ಸೈಕಲ್ಲು ಅಂತ ದೂರು ಕೊಡದೆ ಬಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನಕ್ಕೆ ಸಂಬಂಧಿಸಿದ್ದು, ಸೈಕಲ್ಲಿಗೂ ಅದೇ ಅನ್ವಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯ ವ್ಯಾಪ್ತಿ ಅಂತ ನೋಡದೆ ಮಾಹಿತಿ ಕೊಡಬಹುದು, ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು ಅಂತ ಅದರಲ್ಲೇ ಇದೆ. ಆ ಪ್ರತಿ ಮತ್ತು ಸೈಕಲ್ಲಿನ ಫೋಟೋ ಇಟ್ಟುಕೊಂಡು ಸುತ್ತಲಿನ ಗುಜರಿ ಅಂಗಡಿ, ಸೆಕೆಂಡ್ ಹ್ಯಾಂಡ್ ಸೈಕಲ್ ಮಾರುವವರನ್ನು ಆ ವಾರವೇ ವಿಚಾರಿಸಿ. ಮಾರಾಟದ ಆನ್‌ಲೈನ್ ಜಾಹೀರಾತುಗಳನ್ನೂ ನೋಡುತ್ತಿರಿ. ನಿಮ್ಮದು ಅಲ್ಲಿ ಕಂಡರೆ ನೀವೇ ಹೋಗಿ ಜಗಳಕ್ಕೆ ನಿಲ್ಲಬೇಡಿ, ಸ್ಕ್ರೀನ್‌ಶಾಟ್ ತೆಗೆದು ಎಫ್‌ಐಆರ್ ನಂಬರ್ ಸಮೇತ ಠಾಣೆಗೆ ಒಪ್ಪಿಸಿ.